ಮಗುವಿನ ಮೈಕಿನಲ್ಲಿ ಹೈ-ಹ್ಯಾಟ್

ಹಾಡುತ್ತಿದ್ದ ಹುಡುಗಿ ಪಲ್ಲವಿ ಮುಗಿಸಿ ಸುಮ್ಮನಾದಳು. ಅವಳ ಮೈಕು ಸುಮ್ಮನಾಗಲಿಲ್ಲ. ‘ಚಿಸ್ ಚಿಸ್ ಚಿಸ್ ಚಿಸ್’ ಎನ್ನುತ್ತಲೇ ಇತ್ತು. ಸೌಂಡ್ ಇಂಜಿನಿಯರ್ ಉಳಿದ ವಾದ್ಯಗಳನ್ನೆಲ್ಲ ಮುಚ್ಚಿ, ರೆಕಾರ್ಡ್ ಆಗಿದ್ದ ಆ ಒಂದೇ ಮೈಕನ್ನು ಸ್ಪೀಕರಿಗೆ ಬಿಟ್ಟು ನನಗೆ ಕೇಳಿಸುತ್ತಿದ್ದಳು.

“ಮಾಮ, ಇದು ವೋಕಲ್ ಟ್ರ್ಯಾಕ್. ಇದರಲ್ಲಿ ವೋಕಲ್ ಎಲ್ಲಿದೆ, ನೀವೇ ಹುಡುಕಿ ಕೊಡಿ.”

ನಾನು ತಲೆ ತಗ್ಗಿಸಿ ಕೇಳಿದೆ. ಮಗುವಿನ ದನಿಯ ಮೇಲೆ ಯಾರೋ ರವೆ ಜರಡಿ ಹಿಡಿಯುತ್ತಿದ್ದ ಹಾಗಿತ್ತು.

ಗೋರೆಗಾಂವ್‌ನ ಸ್ಟುಡಿಯೋ ಒಂದರಲ್ಲಿ ಟೀವಿಗಾಗಿ ಮಕ್ಕಳ ಹಾಡಿನ ಸ್ಪರ್ಧೆಯ ರಿಹರ್ಸಲ್ ನಡೆಯುತ್ತಿತ್ತು. ಮಕ್ಕಳ ಹಿಂದೆ ನಿಜವಾದ ಬ್ಯಾಂಡು ಕೂತು ಬಾರಿಸುವುದೇ ಆ ಕಾರ್ಯಕ್ರಮದ ಹೆಗ್ಗಳಿಕೆ. ಡ್ರಮ್ ಸೆಟ್ಟು ನನ್ನದು. ಬಾಡಿಗೆಗೆ ಕೊಡುವುದು, ಜೋಡಿಸುವುದು, ಚರ್ಮ ಬಿಗಿ ಮಾಡಿ ಶ್ರುತಿಗೆ ತರುವುದು, ಕೆಟ್ಟರೆ ಓಡಿ ಬರುವುದು ನನ್ನ ಕೆಲಸ. ಹಾಗಾಗಿ ಶಬ್ದ ಎಲ್ಲಿಂದ ಸೋರಿದರೂ ಮೊದಲ ಫೋನು ನನಗೇ ಬರುತ್ತದೆ.

ಹೈ-ಹ್ಯಾಟ್ ಎಂದರೆ ಡ್ರಮ್ಮರನ ಎಡಗಡೆ ಒಂದೇ ಕಂಬಿಯಲ್ಲಿ ಎದುರುಬದುರಾಗಿ ಕೂತ ಎರಡು ಕಂಚಿನ ತಟ್ಟೆಗಳು. ಎಡಗಾಲಿನಲ್ಲಿ ಪೆಡಲ್ ಒತ್ತಿದರೆ ಮೇಲಿನದು ಇಳಿದು ಕೆಳಗಿನದನ್ನು ಮುಚ್ಚುತ್ತದೆ. ಕಾಲು ಸಡಿಲಿಸಿದರೆ ಬಾಯಿ ತೆರೆಯುತ್ತದೆ. ಹಾಡಿನ ಉದ್ದಕ್ಕೂ ಕಾಲವನ್ನು ಸಣ್ಣ ಸಣ್ಣ ತುಂಡು ಮಾಡಿ ಕೊಡುವುದು ಈ ಜೋಡಿಯೇ. ಅಗಲವನ್ನು ಇಂಚಿನಲ್ಲಿ ಹೇಳುತ್ತೇವೆ. ಹದಿನಾಲ್ಕು ಎಲ್ಲ ಕಡೆ ನಡೆಯುವ ಅಳತೆ. ಅಂದು ಸ್ಟ್ಯಾಂಡಿನ ಮೇಲೆ ಇದ್ದದ್ದೂ ಅದೇ.

ದೊಡ್ಡವರು ಹಾಡುವಾಗ ಇದು ಇಷ್ಟು ಕಾಡುವುದಿಲ್ಲ. ಅವರ ದನಿ ದಪ್ಪ, ಮೈಕಿನ ಬಾಯಿ ಸ್ವಲ್ಪ ತೆರೆದರೆ ಸಾಕು. ಹತ್ತು ಹನ್ನೊಂದು ವರ್ಷದ ಮಕ್ಕಳ ದನಿ ನೂಲಿನಂತಿರುತ್ತದೆ. ಅದನ್ನು ಹಿಡಿಯಲು ಮೈಕನ್ನು ಪೂರ್ತಿ ತೆರೆಯಬೇಕು, ತೆರೆದರೆ ಇಪ್ಪತ್ತೈದು ಅಡಿ ಹಿಂದೆ ಬಾರಿಸುವ ಕಂಚೂ ಒಳಗೆ ಬಂದು ಕೂರುತ್ತದೆ. ಡ್ರಮ್ ಸುತ್ತ ಪಾರದರ್ಶಕ ಹಲಗೆಗಳನ್ನು ನಿಲ್ಲಿಸಿದ್ದಾಗಿತ್ತು. ಅದೂ ಸಾಲದಾಗಿತ್ತು.

ಅಷ್ಟರಲ್ಲಿ ಸಂಗೀತ ನಿರ್ದೇಶಕರು ಬಂದರು. ಕೂಗಾಡುವ ಮನುಷ್ಯರಲ್ಲ, ಅದೇ ಭಯ. ಹಿಂದಿಯಲ್ಲಿ ಮೆತ್ತಗೆ ಹೇಳಿದರು: “ನಾಳೆ ಎರಡು ಗಂಟೆಗೆ ಮೊದಲ ಟೇಕ್. ಅಷ್ಟರೊಳಗೆ ಇದು ಹೋಗಿರಬೇಕು. ಹೋಗದಿದ್ದರೆ ಅದನ್ನು ಬಿಚ್ಚಿ.” ಅವರು ತೋರಿಸಿದ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರಲ್ಲಿ ಎಲೆಕ್ಟ್ರಾನಿಕ್ ಪ್ಯಾಡು. ಗಾಳಿಯಲ್ಲಿ ಶಬ್ದವೇ ಮಾಡದ, ತಂತಿಯಲ್ಲೇ ಹೋಗುವ ಡ್ರಮ್ಮು. ಪ್ಯಾಡು ಬಂದರೆ ತಾಳವನ್ನೆಲ್ಲ ಕೀಬೋರ್ಡಿನವರು ಮೊದಲೇ ತುಂಬಿಸಿ ಇಟ್ಟುಬಿಡುತ್ತಾರೆ. ಡ್ರಮ್ಮರ್ ಬೇಕಾಗುವುದಿಲ್ಲ.

ಡ್ರಮ್ಮರ್ ಹುಬ್ಬಳ್ಳಿ ಕಡೆಯವರು, ಅರವತ್ತರ ಹತ್ತಿರ. ಮುಂಬಯಿಯ ಆರ್ಕೆಸ್ಟ್ರಾಗಳಲ್ಲಿ ಬೆಳೆದು, ರೆಕಾರ್ಡಿಂಗಿಗೆ ಬಂದು, ಎಲ್ಲ ಕಂಪ್ಯೂಟರಿಗೆ ಹೋದಮೇಲೆ ಎಷ್ಟೋ ಕಾಲ ಮನೆಯಲ್ಲಿ ಕೂತವರು. ಈ ಕುರ್ಚಿ ಸಿಕ್ಕಿದ ದಿನ ಕೋಲಿನ ಚೀಲ ತೊಡೆಯ ಮೇಲಿಟ್ಟುಕೊಂಡು ನನಗೆ ಹೇಳಿದ್ದರು: “ಇದು ಕೈ ಬಿಟ್ಟು ಹೋದ್ರ ಮತ್ತ ಯಾರೂ ಕರಿಯೂದಿಲ್ಲ ತಮ್ಮಾ. ಇದ ಕಡೀದು.” ಅವರನ್ನು ನಾನು ಕಾಕಾ ಎನ್ನುತ್ತೇನೆ.

ನಿರ್ದೇಶಕರು ಪೆಟ್ಟಿಗೆ ತೋರಿಸಿದ್ದನ್ನು ಕಾಕಾ ಹಲಗೆಯ ಒಳಗಿಂದಲೇ ನೋಡಿದರು. ಕೇಳಿಸಿತೋ ಇಲ್ಲವೋ, ತಿಳಿಯಲಂತೂ ತಿಳಿಯಿತು.

“ಮಾಮ, ಚಿಕ್ಕದು ಹಾಕಿದ್ರೆ ಕಮ್ ಆಗುತ್ತಲ್ಲ?” ಎಂದಳು ಇಂಜಿನಿಯರ್. ಅವಳು ಕಾಂದಿವಲಿಯಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಉಡುಪಿ ಕಡೆಯವರು. ಕನ್ನಡ ಅವಳಿಗೆ ಮನೆಯ ಒಳಕೋಣೆಯ ಭಾಷೆ. ಹೊರಗೆ ಬರುವಾಗ ಹಿಂದಿ ಇಂಗ್ಲಿಷನ್ನು ಕೈಹಿಡಿದುಕೊಂಡೇ ಬರುತ್ತದೆ.

“ಹದಿಮೂರು ಹಾಕಿಬಿಡಪಾ,” ಎಂದರು ಕಾಕಾ. “ನನ್ನ ಕೈ ಹದಿಮೂರರ ಮ್ಯಾಲೆ ಹುಟ್ಟಿದ್ದು.”

ನನಗೂ ಅದೇ ಸರಿ ಎನಿಸಿತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಈ ಊರಿನಲ್ಲಿ ಡ್ರಮ್ ಹೊತ್ತು ತಿರುಗಿದ ನಮ್ಮೆಲ್ಲರ ಕೈಗೆ ಅಂಟಿದ ಅಭ್ಯಾಸ ಅದು. ಆರ್ಕೆಸ್ಟ್ರಾ ಕಾಲದಲ್ಲಿ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿ, ಹೂವಿನ ಮೂಟೆಗಳ ಸಂದಿಯಲ್ಲಿ ತೂರಿಸಲು ಹದಿಮೂರಿಂಚಿನ ಚೀಲವೇ ಆಗುತ್ತಿತ್ತು. ಹಾಗೆ ಹದಿಮೂರು ನಮಗೆ ಹಗುರ ಎಂಬುದರ ಗುರುತಾಯಿತು. ಹಗುರವಾದದ್ದು ಮೆತ್ತಗೂ ಇರುತ್ತದೆ ಎಂದು ನಾವೇ ಸೇರಿಸಿಕೊಂಡೆವು.

ಹದಿಮೂರು ಹಾಕಿದೆ. ಮತ್ತೆ ರಿಹರ್ಸಲ್. ಹುಡುಗಿ ಅದೇ ಪಲ್ಲವಿ ಹಾಡಿದಳು. ಇಂಜಿನಿಯರ್ ಅವಳ ಮೈಕನ್ನು ಒಂಟಿಯಾಗಿ ಕೇಳಿಸಿದಳು. ಮೊದಲು ರವೆಯಾಗಿದ್ದದ್ದು ಈಗ ಗಾಜಿನ ಚೂರಾಗಿತ್ತು.

“ಮಾಮ, ನೋಡಿ.” ಪರದೆಯ ಮೇಲೆ ಬೆರಳಿಟ್ಟಳು. “ಬೇಬಿ ಹಾಡ್ತಾಳಲ್ಲ, ಅವಳ ‘ಸ’, ‘ಶ’ ಎಲ್ಲ ಇಲ್ಲೇ ಬರೋದು. ಹ್ಯಾಟ್ ಭೀ ಇಲ್ಲೇ ಬಂದು ಕೂತಿದೆ. ಇದನ್ನ ಕಟ್ ಮಾಡಿದ್ರೆ ಅವಳ ಮಾತೂ ಕಟ್.”

ಚಿಕ್ಕ ತಟ್ಟೆಯ ದನಿ ಇನ್ನೂ ಮೇಲಕ್ಕೆ ಹೋಗಿ, ಮಗುವಿನ ದನಿ ಎಲ್ಲಿ ಅತ್ಯಂತ ನಾಜೂಕೋ ಅಲ್ಲೇ ಚುಚ್ಚುತ್ತಿತ್ತು. ಶಬ್ದ ಕಡಿಮೆಯಾಗಿರಲಿಲ್ಲ, ಮೊನಚಾಗಿತ್ತು. ಜೊತೆಗೆ ಇನ್ನೊಂದು. ಕಾಕಾ ಹದಿಮೂರನ್ನು ಹದಿನಾಲ್ಕಕ್ಕಿಂತ ಜೋರಾಗಿ ಬಾರಿಸುತ್ತಿದ್ದರು. ಮಣಿಕಟ್ಟು ಸಾಲದೆಂದು ಮೊಣಕೈಯೂ ಏಳುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ಮರ್ಯಾದೆ ಇದೆ. ಯಾರೂ ಬರೆದಿಟ್ಟದ್ದಲ್ಲ. ಸಾಮಾನು ತಂದುಕೊಡುವವನು ಬಾರಿಸುವವನ ಕೈಯ ಬಗ್ಗೆ ಮಾತಾಡುವುದಿಲ್ಲ. ತಟ್ಟೆ ಬದಲಿಸಬಹುದು, ಎತ್ತರ ಬದಲಿಸಬಹುದು, ‘ಮೆತ್ತಗೆ ಹೊಡೆಯಿರಿ’ ಎನ್ನುವಂತಿಲ್ಲ. ಹಾಗಾಗಿ ನಾನು ಕೈಯನ್ನು ಬಿಟ್ಟು ಉಳಿದದ್ದೆಲ್ಲ ಬದಲಿಸಿದೆ. ಸ್ಟ್ಯಾಂಡನ್ನು ಮಗುವಿನಿಂದ ದೂರಕ್ಕೆ ತಿರುಗಿಸಿದೆ. ಹಲಗೆಯ ಒಳಗೆ ಕಂಬಳಿ ಇಳಿಬಿಟ್ಟೆ. ಕೆಳತಟ್ಟೆಗೆ ಪಟ್ಟಿ ಅಂಟಿಸಿದೆ. ತಗಡಿನ ಹಾಗೆ ಕೇಳಿಸಿತು, ಕಿತ್ತೆ.

ಐದು ಗಂಟೆಯ ಹೊತ್ತಿಗೆ ಮೇಲಿನ ತಟ್ಟೆಯನ್ನು ಕಂಬಿಗೆ ಹಿಡಿದಿಡುವ ಕ್ಲಚ್ಚಿನ ನಟ್ಟು ಸಡಿಲವಾಗಿ ‘ಚಿರ್ರ್’ ಎಂದು ಸಣ್ಣಗೆ ಕಿರುಗುಟ್ಟತೊಡಗಿತು. ಇಪ್ಪತ್ತು ಅಡಿ ದೂರದಲ್ಲಿದ್ದ ನನ್ನ ಹಲ್ಲು ಜುಮ್ಮೆಂದಿತು. ಬಾರಿಸುವವರು ಅರ್ಧ ಸಾಲಿನಲ್ಲೇ ಕೈ ನಿಲ್ಲಿಸಿ ಬೈಯಬೇಕಾದ ಶಬ್ದ. ಕಾಕಾ ಹಾಡು ಮುಗಿಯುವವರೆಗೂ ಬಾರಿಸಿದರು. ಪಾಪ, ನನ್ನ ಮುಖ ಉಳಿಸಲೆಂದು ಸಹಿಸಿಕೊಂಡರು ಎಂದುಕೊಂಡೆ.

ಇಂಜಿನಿಯರ್ ವಯರು ಸುತ್ತುತ್ತಾ ನಕ್ಕಳು. “ಡ್ರಮ್ಮರ್ ಅಂಕಲ್ ಎಷ್ಟು ಓಲ್ಡ್ ಸ್ಕೂಲ್ ಗೊತ್ತಾ ಮಾಮ? ಎಲ್ಲರ ಇಯರ್‌ಫೋನಿಗೆ ಟೆಂಪೋ ಕೊಡೋಕೆ ‘ಟಿಕ್ ಟಿಕ್’ ಅಂತ ಕ್ಲಿಕ್ ಕಳಿಸ್ತೀನಲ್ಲ, ಅದು ಬೇಡ, ಕಟ್ಟಿಗೆ ಬಡಿದ ಹಾಗೆ ‘ಟೊಕ್ ಟೊಕ್’ ಕೊಡು ಅಂತಾರೆ.”

ನಾನೂ ನಕ್ಕೆ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನನ್ನ ಗಾಳಾಕ್ಕೆ, ಅಂದರೆ ಸಾಮಾನಿಡುವ ಶೆಡ್ಡಿಗೆ, ಬಂದಾಗ ಪಕ್ಕದ ಲೇತ್ ಯಂತ್ರ ಇನ್ನೂ ಓಡುತ್ತಿತ್ತು. ಕಬ್ಬಿಣ ಕೊರೆಯುವ ಕಿರ್ರೆನ್ನುವ ಸದ್ದು. ದಿನವೂ ಬೈದುಕೊಳ್ಳುವ ಆ ಸದ್ದೇ ಅಂದು ಉಪಾಯ ಕೊಟ್ಟಿತು. ಯಂತ್ರದ ಯಜಮಾನನ ಕೈಗೆ ಕೋಲು ಕೊಟ್ಟು ಒಂದೊಂದೇ ಜೋಡಿಯನ್ನು ಬಾರಿಸಲು ಹೇಳಿ, ನಾನು ಶಟರಿನ ಹೊರಗೆ ನಿಂತೆ. “ಆರತಿ ಶುರುವಾಯಿತಾ?” ಎಂದು ಮರಾಠಿಯಲ್ಲಿ ಕೇಳುತ್ತಾ ಅವನು ಬಾರಿಸಿದ. ಹದಿಮೂರು ಆ ಕಿರ್ರೆನ್ನುವುದನ್ನೂ ಸೀಳಿ ಬಂತು. ಹದಿನಾಲ್ಕು ಅದರ ಜೊತೆ ಜಗಳವಾಡಿತು. ಹದಿನೈದಿಂಚಿನ ತೆಳು ಜೋಡಿ ಒಂದಿತ್ತು, ಯಾರೂ ಕೇಳದೆ ಚೀಲದಲ್ಲೇ ಮಲಗಿದ್ದದ್ದು. ಅದನ್ನು ಬಾರಿಸಿದಾಗ ನನಗೇನೂ ಕೇಳಿಸಲಿಲ್ಲ. ಹತ್ತಿರ ಹೋದೆ. ಅವನು ಬಾರಿಸುತ್ತಲೇ ಇದ್ದ. ಒಳಗೆ ನಿಂತರೆ ತುಂಬು ದನಿ, ಹೊರಗೆ ಹೋದರೆ ಯಂತ್ರದ ಸದ್ದಿನಡಿ ಮುಳುಗುತ್ತಿತ್ತು.

ದೊಡ್ಡ ತಟ್ಟೆ, ಕೆಳಗಿನ ದನಿ. ಮಗುವಿನ ‘ಸ’ಕಾರಕ್ಕೆ ಅದು ಅಡ್ಡ ಬರುವುದಿಲ್ಲ. ಆದರೆ ಮೆತ್ತಗೆ ಬಾರಿಸಿದರೆ ಮಾತ್ರ. ಕಾಕಾ ಆ ದಿನ ಬಾರಿಸಿದ ಹಾಗೆ ಬಾರಿಸಿದರೆ ಹದಿನೈದು ಇಡೀ ಶೂಟಿಂಗ್ ಫ್ಲೋರನ್ನೇ ಮುಚ್ಚಿಬಿಡುತ್ತದೆ. ಚೀಲದ ಜಿಪ್ಪು ಎಳೆಯುವಾಗ ಆ ಒಂದು ಭಯ ಒಳಗೆ ಉಳಿದುಬಿಟ್ಟಿತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೋದೆ. ಫ್ಲೋರಿನಲ್ಲಿ ಎ.ಸಿ. ಬಿಟ್ಟರೆ ಸದ್ದಿಲ್ಲ. ಕಾಕಾ ಆಗಲೇ ಬಂದು ಕೂತಿದ್ದರು.

“ಏನೇನು ತಂದೀಯಪಾ?”

“ಮೂರು ಜೋಡಿ ತಂದಿದ್ದೇನೆ ಕಾಕಾ. ಒಂದು ಕೆಲಸ ಮಾಡುವ. ನೀವು ಮಗು ನಿಲ್ಲುವ ಜಾಗದಲ್ಲಿ ನಿಂತು ಕೇಳಿ. ನಾನು ಬಾರಿಸುತ್ತೇನೆ. ಇಲ್ಲಿ ಕೂತು ಆರಿಸಿದರೆ ಪ್ರಯೋಜನ ಇಲ್ಲ.”

ನೆಲದ ಮೇಲೆ ಟೇಪಿನಲ್ಲಿ ಅಡ್ಡಗೆರೆ ಹಾಕಿದ್ದರು, ಮಕ್ಕಳು ಅಲ್ಲಿ ನಿಂತು ಕ್ಯಾಮೆರಾದ ಕಡೆ ಮುಖ ಮಾಡಿ ಹಾಡುವುದು. ಕಾಕಾ ಅಲ್ಲಿ ಹೋಗಿ ಹಾಗೆಯೇ ನಿಂತರು. ಖಾಲಿ ಕುರ್ಚಿಗಳ ಕಡೆ ಮುಖ, ನನಗೆ ಬೆನ್ನು.

ಹದಿಮೂರು ಹಾಕಿ, ಕಾಲಿನಿಂದ ಮುಚ್ಚಿ, ಕೋಲಿನ ತುದಿಯಿಂದ ಬಾರಿಸಿದೆ. ಹಾಡಿನ ಚರಣಕ್ಕೆ ಎಷ್ಟು ಮೆತ್ತಗೆ ಬೇಕೋ ಅಷ್ಟು. ಎಂಟು ಆವರ್ತ ಬಾರಿಸಿದೆ. ಹದಿನಾರು ಬಾರಿಸಿದೆ.

“ಶುರು ಮಾಡೋ ತಮ್ಮಾ,” ಎಂದರು ಕಾಕಾ, ತಿರುಗದೆ. “ಟೈಮಿಲ್ಲ.”

ನನ್ನ ಕೈ ನಿಲ್ಲಲಿಲ್ಲ. ನಿಲ್ಲಿಸಿದರೆ ನಿಂತದ್ದು ಗೊತ್ತಾಗುತ್ತದೆ ಎಂಬ ಭಯವೋ ಏನೋ. ಇನ್ನೂ ನಾಲ್ಕು ಆವರ್ತ ಹಾಗೇ ಹೋಯಿತು. ಸಡಿಲ ನಟ್ಟು, ಟೊಕ್ ಟೊಕ್, ಎದ್ದೆದ್ದು ಬರುವ ಮೊಣಕೈ ಒಂದರ ಹಿಂದೊಂದು ಬಂದು ನಿಂತವು. ತಟ್ಟೆ ಬದಲಿಸಿದೆ. ಹದಿನೈದು ಹಾಕಿ, ಅಷ್ಟೇ ಮೆತ್ತಗೆ, ಅದೇ ತುದಿಯಿಂದ ಬಾರಿಸಿದೆ.

“ಹಾಂ, ಈಗ ಬಂತು ನೋಡು. ಚಲೋ ಐತಿ. ಇದು ಹದಿಮೂರಾ?”

ಅವರು ತಿರುಗಿದರು. ಸ್ಟ್ಯಾಂಡಿನ ಮೇಲಿದ್ದ ಅಗಲ ತಟ್ಟೆ ನೋಡಿದರು. ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಹದಿಮೂರು ನೋಡಿದರು. ಆಮೇಲೆ ನನ್ನನ್ನು.

“ಯಾವಾಗಿಂದ ಬಾರ್ಸಾಕತ್ತಿದ್ದಿ?”

“ಸ್ವಲ್ಪ ಹೊತ್ತಾಯ್ತು ಕಾಕಾ.”

ಅವರು ಬಂದು ನೆಲದ ಮೇಲಿನ ದೊಡ್ಡ ಕಿಕ್ ಡ್ರಮ್ಮಿನ ಅಂಚಿನ ಮೇಲೆ ಕೈಯಿಟ್ಟು ನಿಂತರು. ಅವರ ಸಿಟ್ಟು ನನ್ನ ಮೇಲೆ ಬಂದಿದ್ದರೆ ಹಗುರಾಗುತ್ತಿತ್ತು. ಬರಲಿಲ್ಲ.

“ಎರಡು ವರ್ಷಾತು,” ಎಂದರು. “ಸೊಸಿ ಕುಕ್ಕರ್ ಇಟ್ಟು, ಮೂರು ಸೀಟಿಗೆ ಆರಿಸ್ರಿ ಮಾವಾ ಅಂತ ಹೇಳಿ ಸ್ಟೇಷನ್ನಿಗೆ ಹೋದ್ಲು. ನಾ ಮುಂದ ಕುಂತೀನಿ. ಬ್ಯಾಳಿ ಸೀದು ಕರ್ರಗಾತು. ಹಿಂದಿನ ಮನಿಯಾಕಿ ಬಂದು ಆರಿಸಿದ್ಲು. ಅವತ್ತ ತಿಳೀತು.”

“ಡಾಕ್ಟರ್ ಹತ್ತಿರ?”

“ಹೋಗಿಲ್ಲ. ಹೋದ್ರ ಕಾಗದದ ಮ್ಯಾಲೆ ಬರೀತಾರ. ಬರದ ಮ್ಯಾಲೆ ಅದು ಖರೇ ಆಗ್ತೈತಿ.” ಕೋಲನ್ನು ತಿರುಗಿಸಿದರು. “ಉಳದದ್ದೆಲ್ಲ ಕೇಳಸ್ತೈತಪಾ. ಕಿಕ್, ಸ್ನೇರ್, ಬೇಸ್ ಗಿಟಾರ್, ಹಾಡು. ಈ ತಟ್ಟಿ ಒಂದು ಕೇಳ್ಸೂದಿಲ್ಲ. ಅದಕ್ಕ ಕೈಗೆ ತಾಗೂ ಹಂಗ ಹೊಡೀತೀನಿ.”

“ಹದಿನೈದು ಹಾಕಿದರೆ ನಿಮಗೂ ಕೇಳುತ್ತದೆ, ಮೈಕಿನಲ್ಲೂ ಕಡಿಮೆ ಬೀಳುತ್ತದೆ. ಆದರೆ ನಿಮ್ಮ ಇಯರ್‌ಫೋನಿಗೆ ಇದನ್ನು ಬೇರೆ ಥರ ಕಳಿಸಬೇಕು. ಮೇಲಿನ ದನಿ ತೆಗೆದು ಕೆಳಗಿನದನ್ನು ಏರಿಸಿ. ಅದು ನನ್ನ ಕೈಯಲ್ಲಿಲ್ಲ. ಇಂಜಿನಿಯರಿಗೆ ಹೇಳಬೇಕು.”

“ಬ್ಯಾಡ.”

“ಕಾಕಾ.”

“ಬ್ಯಾಡ ಅಂದ್ನೆಲ್ಲ. ಅಕಿ ಒಬ್ಬಾಕಿಗೆ ಹೇಳಿದ್ರ ಸಂಜಿ ಒಳಗ ಅಂಧೇರಿ ತನಕ ಹೋಗ್ತೈತಿ. ಕಿವುಡ ಡ್ರಮ್ಮರ್. ಚಂದ ಐತೆಲ್ಲ ಹೆಸರು.”

ನಾನು ಹದಿನೈದನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿದೆ. ಒತ್ತಾಯಿಸುವ ಹಕ್ಕು ನನಗಿರಲಿಲ್ಲ. ಹೇಳದೆ ನಡೆಸುವ ದಾರಿಯೂ ಇರಲಿಲ್ಲ. ಮೂಲೆಯ ಪೆಟ್ಟಿಗೆಯನ್ನು ಇಬ್ಬರೂ ನೋಡದ ಹಾಗೆ ಕೂತೆವು. ಒಂಬತ್ತೂ ಮುಕ್ಕಾಲಿಗೆ ಬಾಗಿಲು ತೆರೆದು ಇಂಜಿನಿಯರ್ ಬಂದಳು, ಒಂದು ಕೈಯಲ್ಲಿ ವಡಾಪಾವ್, ಒಂದು ಕೈಯಲ್ಲಿ ಲ್ಯಾಪ್‌ಟಾಪ್.

“ಗುಡ್ ಮಾರ್ನಿಂಗ್ ಅಂಕಲ್. ಮಾಮ, ಇದು ಎಂತದು? ಇಷ್ಟು ದೊಡ್ಡದು?”

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಎದ್ದರು.

“ಯವ್ವಾ, ಇಲ್ಲಿ ಬಾ. ತಿಂದು ಮುಗ್ಸು ಮೊದ್ಲ. ಆಮ್ಯಾಲೆ ಒಂದು ಮಾತು ಹೇಳ್ತೀನಿ. ನನಗ ಮ್ಯಾಲಿನ ಶಬ್ದ ಕೇಳ್ಸೂದಿಲ್ಲ.”

ಅವಳು ಅಗಿಯುವುದನ್ನು ನಿಲ್ಲಿಸಿದಳು. ಅಯ್ಯೋ ಎನ್ನಲಿಲ್ಲ. ನನ್ನ ಕಡೆ ನೋಡಲಿಲ್ಲ. ಕಾಗದದಲ್ಲಿ ಉಳಿದದ್ದನ್ನು ಸುತ್ತಿಟ್ಟು ಕೈ ಒರೆಸಿಕೊಂಡು, “ಎಲ್ಲಿಯವರೆಗೆ ಕೇಳುತ್ತೆ ಅಂಕಲ್? ನಂಗೆ ನಂಬರ್ ಬೇಕು,” ಎಂದಳು. ಆ ಹುಡುಗಿಯ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಕಾಕಾ ಇಯರ್‌ಫೋನ್ ಹಾಕಿಕೊಂಡು ಕೂತರು. ಅವಳು ತನ್ನ ಯಂತ್ರದಿಂದ ‘ಪೀ’ ಎನ್ನುವ ಒಂಟಿ ದನಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಕಳಿಸುವುದು, ಕೇಳಿದಾಗೆಲ್ಲ ಇವರು ಬೆರಳೆತ್ತುವುದು. ಶುರುವಾಯಿತು. ಬೆರಳು ಎದ್ದಿತು, ಎದ್ದಿತು, ಎದ್ದಿತು. ದನಿ ಮೇಲೆ ಹೋದಂತೆಲ್ಲ ಬೆರಳೂ ತಪ್ಪದೆ ಎದ್ದಿತು. ಪಕ್ಕದ ಸ್ಪೀಕರಿನಲ್ಲಿ ಕೇಳುತ್ತಿದ್ದ ನನಗೇ ಕಿವಿ ಚುಚ್ಚುವಷ್ಟು ಮೇಲೆ ಹೋದರೂ ಎದ್ದಿತು.

“ಅಂಕಲ್‌ದು ಪರ್ಫೆಕ್ಟ್ ಇದೆಯಲ್ಲ ಮಾಮ,” ಎನ್ನುತ್ತಾ ಅವಳು ಜಾರಿದ ವಯರನ್ನು ಎತ್ತಿಕೊಳ್ಳಲು ಬಗ್ಗಿದಳು.

ಅವಳ ಕೈ ಗುಂಡಿಯ ಮೇಲೆ ಇರಲಿಲ್ಲ. ಕಾಕಾನ ಬೆರಳು ಎದ್ದಿತು. ಇಳಿಯಿತು. ಮತ್ತೆ ಎದ್ದಿತು.

ಅವಳು ಎರಡೆರಡು ಸೆಕೆಂಡಿಗೆ ಒಂದರಂತೆ ಒತ್ತುತ್ತಿದ್ದಳು. ಕಾಕಾ ಮೂರನೆಯದಕ್ಕೇ ಲಯ ಹಿಡಿದುಬಿಟ್ಟಿದ್ದರು. ಮೋಸ ಮಾಡಬೇಕೆಂದಲ್ಲ. ನಲವತ್ತು ವರ್ಷದ ಅಭ್ಯಾಸ, ಎಲ್ಲಿ ಬೀಳಬೇಕೋ ಅಲ್ಲಿ ಕೈ ತಾನಾಗಿ ಬೀಳುತ್ತದೆ.

ನಾನು ಅವರ ಭುಜ ಮುಟ್ಟಿ ಇಯರ್‌ಫೋನ್ ತೆಗೆಸಿದೆ. “ಕಾಕಾ, ನೀವು ತಾಳ ಹಾಕುತ್ತಿದ್ದೀರಿ.”

ಒಂದು ಕ್ಷಣ ಅವರಿಗೆ ತಿಳಿಯಲಿಲ್ಲ. ತಿಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ದಿನದಲ್ಲಿ ಮೊದಲ ನಗು. “ಯವ್ವಾ, ತಾಳ ತಪ್ಪಿಸಿ ಒತ್ತವಾ. ನನ್ನ ಬೆರಳ ಮ್ಯಾಲೆ ನನಗ ನಂಬಿಕಿ ಇಲ್ಲ.”

ಈ ಸಲ ಅವಳು ಬೇಕೆಂದೇ ತಡಮಾಡಿ, ಬೇಗಮಾಡಿ, ನಡುವೆ ನೀರು ಕುಡಿದು ಒತ್ತಿದಳು. ಬೆರಳು ಸ್ವಲ್ಪ ದೂರ ಜೊತೆಗೆ ಬಂತು. ಒಂದು ಜಾಗದಲ್ಲಿ ತಡವಾಯಿತು. ಆಮೇಲೆ ಮೊಣಕಾಲಿನ ಮೇಲೆ ಹಾಗೇ ಉಳಿಯಿತು. ಅವಳು ಒತ್ತುತ್ತಲೇ ಇದ್ದಳು, ಅವರು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು. ನೋಡಲಾಗದೆ ನಾನು ಸ್ನೇರಿನ, ಅಂದರೆ ಡ್ರಮ್ಮರನ ಮೊಣಕಾಲುಗಳ ನಡುವೆ ಕೂರುವ ಚಪ್ಪಟೆ ಡ್ರಮ್ಮಿನ, ತಿರುಪು ತಿರುಗಿಸುತ್ತಾ ಕೂತೆ. ಅದಕ್ಕೆ ತಿರುಗಿಸುವ ಅಗತ್ಯವೇನೂ ಇರಲಿಲ್ಲ.

“ಓಕೆ,” ಎಂದಳು ಅವಳು. “ಈಗ ಲೈನ್ ಎಲ್ಲಿ ಅಂತ ಗೊತ್ತಾಯ್ತು. ಹ್ಯಾಟಿನದ್ದು ಈ ಲೈನಿನ ಕೆಳಗೆ ಎಷ್ಟಿದೆಯೋ ಅಷ್ಟನ್ನೂ ಅಂಕಲ್ ಕಿವಿಗೆ ಕೊಡ್ತೀನಿ. ಆದ್ರೆ ಹದಿಮೂರಲ್ಲಿ ಈ ಲೈನಿನ ಕೆಳಗೆ ಕುಛ್ ಹೈ ಹೀ ನಹೀಂ. ಹದಿನಾಲ್ಕರಲ್ಲಿ ಥೋಡಾ. ಮಾಮ, ನಿಮ್ಮ ಈ ದೊಡ್ಡ ಪರಾತವೇ, ಹದಿನೈದೇ ಆಗಬೇಕು.”

ಅಂದರೆ ಅಳತೆಯನ್ನು ನಾನು ಆರಿಸಲಿಲ್ಲ. ಅವರ ಕಿವಿ ಎಲ್ಲಿ ನಿಂತಿತ್ತೋ ಅದು ಆರಿಸಿತು.

ಹನ್ನೆರಡೂವರೆಗೆ ಪೂರ್ತಿ ಬ್ಯಾಂಡಿನ ಜೊತೆ ರಿಹರ್ಸಲ್. ಸಂಗೀತ ನಿರ್ದೇಶಕರು ಬಂದವರೇ ಸ್ಟ್ಯಾಂಡಿನ ಮುಂದೆ ನಿಂತರು. “ಸದ್ದು ಚಿಕ್ಕದು ಮಾಡಿ ಎಂದರೆ ತಟ್ಟೆ ದೊಡ್ಡದು ತಂದಿದ್ದೀರಿ. ತಮಾಷೆಯಾ ಭಾಯ್?”

“ಒಂದು ಸಲ ಕೇಳಿ ಸರ್,” ಎಂದೆ. ನಿಜವಾದ ಕಾರಣ ಹೇಳುವಂತಿರಲಿಲ್ಲ.

ಹಾಡು ಶುರುವಾಯಿತು. ಕಾಕಾನ ಮೊಣಕೈ ಕೆಳಗಿತ್ತು. ಮಣಿಕಟ್ಟು ಮಾತ್ರ ಆಡುತ್ತಿತ್ತು. ಚರಣ ಬಂತು. ಇಂಜಿನಿಯರ್ ಮಗುವಿನ ಮೈಕನ್ನು ತನ್ನ ಕಿವಿಯಲ್ಲಿ ಒಂಟಿಯಾಗಿ ಕೇಳಿ ನನ್ನ ಕಡೆ ಹೆಬ್ಬೆರಳು ಎತ್ತಿದಳು. ಅಷ್ಟರಲ್ಲಿ ಹಾಡು ಏರುವ ಜಾಗ ಬಂತು. ಅಲ್ಲಿ ಎಲ್ಲ ಡ್ರಮ್ಮರುಗಳೂ ಮಾಡುವ ಹಾಗೆ ಕಾಕಾ ಕಾಲು ಸಡಿಲಿಸಿ ಹೈ-ಹ್ಯಾಟಿನ ಬಾಯಿ ತೆರೆದರು. ಹದಿನೈದಿಂಚಿನ ಕಂಚು ಸಮುದ್ರದ ಹಾಗೆ ‘ಷ್ಷಾ’ ಎಂದು ಎದ್ದು ಇಡೀ ಫ್ಲೋರಿನ ಮೇಲೆ ಬಂತು. ಮಗು ಬೆಚ್ಚಿ ಹಿಂದೆ ತಿರುಗಿತು. ಹೆಬ್ಬೆರಳು ಕೆಳಗಿಳಿಯಿತು.

ನಿರ್ದೇಶಕರು ಕೈಯೆತ್ತಿ ಹಾಡು ನಿಲ್ಲಿಸಿದರು. ಗಡಿಯಾರ ನೋಡಿದರು. ಪೆಟ್ಟಿಗೆಯ ಹತ್ತಿರ ನಿಂತಿದ್ದವನಿಗೆ ಬಿಚ್ಚು ಎಂದು ಸನ್ನೆ ಮಾಡಿದರು. ಅವನು ಕತ್ತರಿ ತಂದು ಟೇಪು ಕತ್ತರಿಸಿದ ಸದ್ದು ನನಗೆ ಕೇಳಿಸಿತು. ಅದೂ ಮೇಲಿನ ದನಿಯೇ. ಕಾಕಾನಿಗೆ ಕೇಳಿಸಿರಲಿಕ್ಕಿಲ್ಲ.

“ಸರ್, ಐದು ನಿಮಿಷ,” ಎಂದೆ.

ಹಲಗೆಯೊಳಗೆ ನುಗ್ಗಿದೆ. ದೊಡ್ಡ ತಟ್ಟೆ ಮುಚ್ಚಿದ್ದಾಗ ವಿನಯ, ತೆರೆದಾಗ ಯಾರ ಮಾತೂ ಕೇಳುವುದಿಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಎರಡು ದಾರಿ. ಮತ್ತೆ ಹದಿನಾಲ್ಕು ಹಾಕುವುದು, ಆಗ ಕಾಕಾ ಕೇಳಿಸದೆ ಅಂದಾಜಿನಲ್ಲೇ ಬಾರಿಸುತ್ತಾರೆ. ಇಲ್ಲವೇ ಹದಿನೈದರ ಬಾಯನ್ನೇ ಕಟ್ಟುವುದು. ಕ್ಲಚ್ಚನ್ನು ಸಡಿಲಿಸಿ, ಮೇಲಿನ ತಟ್ಟೆಯನ್ನು ಕೆಳಕ್ಕೆ ಇಳಿಸಿ, ಬೆರಳಗಲ ಇದ್ದ ಸಂದನ್ನು ಬೆಂಕಿಕಡ್ಡಿಯ ದಪ್ಪಕ್ಕೆ ತಂದೆ. ಈಗ ಪೆಡಲಿನಿಂದ ಕಾಲು ಪೂರ್ತಿ ತೆಗೆದರೂ ತಟ್ಟೆ ಅಷ್ಟೇ ತೆರೆಯುವುದು. ಆಮೇಲೆ, ಇಷ್ಟು ವರ್ಷದಲ್ಲಿ ಯಾವ ಡ್ರಮ್ಮರಿಗೂ ಹೇಳದ ಮಾತನ್ನು ಹೇಳಿದೆ.

“ಕಾಕಾ, ಮೇಲೇರುವ ಕಡೆ ಅಂಚಿಗೆ ಹೊಡೆಯಬೇಡಿ. ತಟ್ಟೆಯ ಮೈಗೆ ಮೆತ್ತಗೆ ಹೊಡೆಯಿರಿ.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ.

“ಕಾಲು ಕಟ್ಟಿ ಹಾಕಿದಿ,” ಎಂದರು. “ಈಗ ಕೈಗೂ ಕೈ ಹಾಕಿದಿ. ಆತು, ನಿನ್ನ ಮಾತ ಆಗ್ಲಿ.”

ಎರಡನೆಯ ಸಲ ಏರುವ ಜಾಗ ಬಂದಾಗ ನಾನು ಮಗುವನ್ನೇ ನೋಡುತ್ತಿದ್ದೆ. ಅದು ತಿರುಗಲಿಲ್ಲ. ಕಂಚು ಉಸಿರು ಬಿಟ್ಟ ಹಾಗೆ ಬಂದು ಹೋಯಿತು. ಹಾಡು ಮುಗಿಯುವವರೆಗೂ ನಿರ್ದೇಶಕರು ನೆಲ ನೋಡುತ್ತಾ ನಿಂತಿದ್ದರು. ಮುಗಿದ ಮೇಲೆ ಮಗುವಿಗೆ, “ಎರಡನೆಯ ಸಾಲಿನಲ್ಲಿ ಉಸಿರು ಮೊದಲೇ ತೆಗೆದುಕೋ ಬೇಟಾ,” ಎಂದರು. ಕೊಳಲಿನವರಿಗೆ ಏನೋ ತಿದ್ದಿದರು. ಡ್ರಮ್ಮಿನ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ. ಎರಡು ಗಂಟೆಯ ಟೇಕ್ ಹಾಗೇ ನಡೆಯಿತು, ನಾಲ್ಕು ಮಕ್ಕಳ ನಾಲ್ಕು ಹಾಡು. ಪೆಟ್ಟಿಗೆ ಅರ್ಧ ತೆರೆದ ಬಾಯಲ್ಲೇ ಮೂಲೆಯಲ್ಲಿ ಕೂತಿತ್ತು.

ಐದೂವರೆಗೆ ಎಲ್ಲರೂ ಏಳುತ್ತಿರುವಾಗ ನಿರ್ದೇಶಕರು ಹಲಗೆಯ ಹತ್ತಿರ ಬಂದರು. “ಒಳ್ಳೆಯದಾಯಿತು. ಮುಂದಿನ ವಾರ ವಿಶೇಷ ಕಂತು, ದೊಡ್ಡ ಗಾಯಕರು ಬರುತ್ತಾರೆ. ಅವರಿಗೆ ಚುರುಕು ಬೇಕು. ಆ ಚಿಕ್ಕ ತಟ್ಟೆಗಳನ್ನೇ ಹಾಕಿಬಿಡಿ.”

ನಾನು ಇಂಜಿನಿಯರನ್ನು ನೋಡಿದೆ. ಅವಳು, “ಸರ್, ಮಿಕ್ಸಲ್ಲಿ ನಾನು ಬ್ರೈಟ್ ಮಾಡ್ತೀನಿ,” ಎಂದು ಹಿಂದಿಯಲ್ಲಿ ಶುರು ಮಾಡಿದಳು. ಕಾಕಾ ಕೈ ಅಡ್ಡ ತಂದರು.

“ಚಿಕ್ಕದು ಬಾರಿಸಲಾರೆ ಸಾಹೇಬ್,” ಎಂದರು ಅವರೂ ಹಿಂದಿಯಲ್ಲೇ, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ. ಕೊಳಲಿನವರು ಚೀಲ ಕಟ್ಟುವುದನ್ನು ನಿಲ್ಲಿಸಿದರು. “ಅದರ ದನಿ ನನಗೆ ಕೇಳಿಸುವುದಿಲ್ಲ. ಎರಡು ವರ್ಷ ಆಯಿತು. ಇದು ಕೇಳಿಸುತ್ತದೆ. ಇದರಲ್ಲಿ ಕೂರಿಸುವುದಾದರೆ ಕೂರುತ್ತೇನೆ.”

ನಿರ್ದೇಶಕರು ಕಾಕಾನನ್ನು, ಆಮೇಲೆ ಹೈ-ಹ್ಯಾಟನ್ನು, ಮತ್ತೆ ಕಾಕಾನನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

“ಇಷ್ಟು ದಿನ ಅಷ್ಟು ಜೋರಾಗಿ ಬಡಿಯುತ್ತಿದ್ದದ್ದು ಅದಕ್ಕಾ?”

“ಮತ್ತೆ ಯಾತಕ್ಕೆ?”

“ನಾನು ರಿಹರ್ಸಲಿನ ಮೊದಲ ವಾರ ನಿಮ್ಮನ್ನು ಎಲ್ಲರೆದುರು ತಿದ್ದಿದ್ದೆನಲ್ಲ. ಆ ಸಿಟ್ಟಿಗೆ ಬಡಿಯುತ್ತಿದ್ದೀರಿ ಎಂದುಕೊಂಡಿದ್ದೆ. ದಿನವೂ ಹೈ-ಹ್ಯಾಟಿನಲ್ಲಿ ನನ್ನನ್ನೇ ಬೈಯುತ್ತಿದ್ದೀರಿ ಎಂದು ಕೇಳಿಸುತ್ತಿತ್ತು.” ಕನ್ನಡಕ ಹಾಕಿಕೊಂಡರು. “ಪೆಟ್ಟಿಗೆ ತರಿಸಿದ್ದು ಮೈಕಿನ ಸಲುವಾಗಿ ಅಷ್ಟೇ ಅಲ್ಲ.”

ಕಾಕಾ ಕೋಲುಗಳನ್ನು ಚೀಲಕ್ಕೆ ಹಾಕಿದರು, ಮತ್ತೆ ತೆಗೆದರು. “ಸಿಟ್ಟು ಬಂದಿತ್ತು ಸಾಹೇಬ್,” ಎಂದರು. “ಆದರೆ ಅದಕ್ಕೆ ನಾನು ಸ್ನೇರ್ ಇಟ್ಟುಕೊಂಡಿದ್ದೆ.”

ನಿರ್ದೇಶಕರು ನಗಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಹೋಗುತ್ತಾ ನನ್ನ ಕಡೆ ತಿರುಗಿ, ಮುಂದಿನ ವಾರಕ್ಕೂ ಅದೇ ಇರಲಿ ಎಂದು ಕೈಯಲ್ಲಿ ಅಗಲದ ಅಳತೆ ತೋರಿಸಿದರು. ಪೆಟ್ಟಿಗೆಯನ್ನು ಯಾರೋ ಬಗ್ಗಿ ಟೇಪು ಹಚ್ಚಿ ಎತ್ತಿಕೊಂಡು ಹೋದರು.

ನಾನು ಹದಿಮೂರನ್ನೂ ಹದಿನಾಲ್ಕನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಆಟೋ ಹಿಡಿದೆ. ಕಾಕಾ ಗೇಟಿನವರೆಗೂ ಬಂದರು. ಅಂಧೇರಿಯಲ್ಲಿ ಕಿವಿಯ ಡಾಕ್ಟರ್ ಯಾರಾದರೂ ಗೊತ್ತೇನು ಎಂದು ಕೇಳಿದರು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದೆ.